ಸಹಾಯ ಬೇಕು: ಕಾರ್ಲಾ, ಭಾಜಾ ಗುಹೆಗಳಿಗೆ ಒಬ್ಬಳೇ ಹೋಗಬೇಕೆಂದಿದ್ದೇನೆ

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನ ಕದ್ರಿಯವಳು, ವಯಸ್ಸು ಐವತ್ತೆರಡು. ಮಂಜುನಾಥ ದೇವಸ್ಥಾನದ ಲೋಕೇಶ್ವರನ ಕಂಚಿನ ವಿಗ್ರಹವನ್ನು ಚಿಕ್ಕಂದಿನಿಂದ ನೋಡಿದವಳು. ಮೂರು ಮುಖ, ಆರು ಕೈ. ಪೀಠದಲ್ಲಿ ಕ್ರಿ.ಶ. 968ರ ಆಳುಪ ಅರಸ ಕುಂದವರ್ಮನ ಶಾಸನವಿದೆ, ಅದರಲ್ಲಿ 'ವಿಹಾರ', ಅಂದರೆ ಬೌದ್ಧ ಭಿಕ್ಷುಗಳ ನೆಲೆ, ಎಂಬ ಮಾತು ಇದೆ ಎಂದು ತಿಳಿದದ್ದು ಮಾತ್ರ ತೀರ ಈಚೆಗೆ. ಅಂದಿನಿಂದ ಬೌದ್ಧ ಗುಹೆಗಳ ಹುಚ್ಚು ಹಿಡಿದಿದೆ.

ನವೆಂಬರಿನಲ್ಲಿ ಮಹಾರಾಷ್ಟ್ರದ ಲೋಣಾವಳದ ಹತ್ತಿರದ ಕಾರ್ಲಾ, ಭಾಜಾ ನೋಡುವ ಆಸೆ. ಕಾರ್ಲಾದ ಚೈತ್ಯದ (ಬೌದ್ಧರ ಪ್ರಾರ್ಥನಾ ಮಂದಿರದ) ಕಮಾನಿನ ಚಾವಣಿಯಲ್ಲಿ ಎರಡು ಸಾವಿರ ವರ್ಷ ಹಳೆಯ ಮರದ ಪಕ್ಕೆಗಳು ಇಂದಿಗೂ ಉಳಿದಿವೆಯಂತೆ. ನಮ್ಮ ಮನೆಯ ಪಕಾಸಿಗೆ ಇಪ್ಪತ್ತೇ ವರ್ಷಕ್ಕೆ ಗೆದ್ದಲು ಹಿಡಿದಿತ್ತು!

ಮಧ್ಯಾಹ್ನ ಮಂಗಳೂರು ಸೆಂಟ್ರಲ್‌ನಲ್ಲಿ ಮತ್ಸ್ಯಗಂಧ ರೈಲು ಹತ್ತಿ, ಬೆಳಗಿನ ಜಾವ ಪನ್ವೇಲ್‌ನಲ್ಲಿ ಇಳಿಯುವ ಯೋಚನೆ. ಆ ಕತ್ತಲಲ್ಲಿ ಹೆಂಗಸೊಬ್ಬಳು ನಿಲ್ದಾಣದಲ್ಲಿ ಕುಳಿತಿರಬಹುದೇ? ಅಲ್ಲಿಂದ ಲೋಣಾವಳಕ್ಕೆ ಬಸ್ಸು ಒಳ್ಳೆಯದೋ, ರೈಲೋ? ಮಳವಲಿ ನಿಲ್ದಾಣದಿಂದ ಭಾಜಾಕ್ಕೆ ನಡೆದೇ ಹೋಗಬಹುದು ಎನ್ನುತ್ತಾರೆ. ಕಾರ್ಲಾಕ್ಕೆ ಹಂಚಿಕೊಂಡು ಹೋಗುವ ಆಟೊ ಸಿಗುತ್ತದೆಯೇ?

ಮೂರು ದಿನಕ್ಕೆ ಊಟ, ವಸತಿ, ಓಡಾಟ ಎಲ್ಲ ಸೇರಿ ಐದು ಸಾವಿರ ರೂಪಾಯಿ ಇಟ್ಟುಕೊಂಡಿದ್ದೇನೆ. ಒಬ್ಬಳೇ ಎಂದರೆ ಕೋಣೆ ಕೊಡಲು ಹಿಂದೆಮುಂದೆ ನೋಡುತ್ತಾರೆ. ಹಿಂದೊಮ್ಮೆ ಬೇರೆ ಊರಿನಲ್ಲಿ 'ಯಜಮಾನರು ಎಲ್ಲಿ?' ಎಂದು ಕೇಳಿಸಿಕೊಂಡು ಬಂದಿದ್ದೇನೆ. ಅಂಥ ತಕರಾರಿಲ್ಲದ, ಬಾಗಿಲ ಚಿಲಕ ಸರಿಯಾಗಿ ಬೀಳುವ ಜಾಗ ಗೊತ್ತಿದ್ದರೆ ತಿಳಿಸಿ. ಎಡಮೊಣಕಾಲು ನೋಯುತ್ತದೆ, ಕದ್ರಿ ಗುಡ್ಡೆ ಹತ್ತುವಷ್ಟು ಮಾತ್ರ ಧೈರ್ಯವಿದೆ. ಆ ಗುಹೆಗಳ ಮೆಟ್ಟಿಲು ಹತ್ತಿದವರು ದಯವಿಟ್ಟು ಉಳ್ಳದ್ದನ್ನೇ ಹೇಳಿ.