ವಯನಾಡಿಗೆ ಬೈಕಲ್ಲಿ: ಸ್ಪೇರ್ ಜಾಸ್ತಿ ಆಗಿದೆ, ಏನು ಬಿಡಲಿ?

ಗೇರ್‌ಸದ್ದು:
ಬೆಂಗಳೂರಿನ ವಿಜಯನಗರದಿಂದ ಮೈಸೂರು, ಗುಂಡ್ಲುಪೇಟೆ ಮೇಲೆ ಸುಲ್ತಾನ್ ಬತ್ತೇರಿಗೆ ಹೊರಟಿದ್ದೇವೆ. 350 ಸಿಸಿ ಗಾಡಿ, ಸ್ಪೋಕ್ ವೀಲ್, ಟ್ಯೂಬ್ ಟೈರ್. ಮುಂದೆ 19, ಹಿಂದೆ 18 ಇಂಚು. ಹೆಂಡತಿಯೂ ಬರುತ್ತಾಳೆ, ಹಾಗಾಗಿ ಸಾಮಾನಿಗೆ ಒಂದೇ ಬ್ಯಾಗ್. ಪಂಕ್ಚರ್ ಪ್ಲಗ್ ಕಿಟ್, ಎರಡು ಟ್ಯೂಬ್, ಕ್ಲಚ್ ಕೇಬಲ್, ಬ್ರೇಕ್ ಪ್ಯಾಡ್, ಒಂದು ಲೀಟರ್ ಆಯಿಲ್, ಟೋ ಹಗ್ಗ, ಕಾಲಲ್ಲಿ ಒತ್ತುವ ಪಂಪು ಇಷ್ಟು ತುಂಬಿದ್ದೇನೆ. ಜಿಪ್ ಮುಚ್ಚುತ್ತಿಲ್ಲ.

ಹಳೇಚೈನ್:
ಮೊದಲು ಪ್ಲಗ್ ಕಿಟ್ ತೆಗೆದಿಡಿ. ಅದು ಟ್ಯೂಬ್‌ಲೆಸ್ ಟೈರಿಗೆ. ನಿಮ್ಮದರಲ್ಲಿ ಟೈರಿನ ತೂತು ಮುಚ್ಚಿದರೂ ಒಳಗಿನ ಟ್ಯೂಬ್ ತೂತು ಹಾಗೇ ಇರುತ್ತದೆ.

ಆಯಿಲ್, ಬ್ರೇಕ್ ಪ್ಯಾಡ್ ಹೊರಡುವ ಮುಂಚೆ ನೋಡಿ ಹಾಕಿಸುವಂಥವು, ಹೊತ್ತುಕೊಂಡು ಹೋಗುವಂಥವಲ್ಲ. ಹಗ್ಗವೂ ಬೇಡ. ಇಬ್ಬರು ಕೂತ ಬೈಕನ್ನು ಹಗ್ಗ ಕಟ್ಟಿ ಎಳೆಸುವುದು ಸುಮ್ನೆ ಬೀಳುವ ದಾರಿ.

ಟ್ಯೂಬ್ ಒಂದೇ ಸಾಕು, ಮುಂದಿನ 19 ಇಂಚಿನದು. ಹಿಂದಿನದು ಹೋದರೆ ಅದನ್ನೇ ಹಾಕಿ ಅಂಗಡಿ ಸಿಗುವವರೆಗೆ ನಿಧಾನವಾಗಿ ಹೋಗಬಹುದು. ಪೌಡರ್ ಹಚ್ಚಿ, ಹಳೇ ಬಟ್ಟೆಯಲ್ಲಿ ಸುತ್ತಿಡಿ. ಸ್ಪ್ಯಾನರ್ ಜೊತೆ ಉಜ್ಜಿದರೆ ಬ್ಯಾಗಲ್ಲೇ ತೂತಾಗುತ್ತದೆ.

ಕ್ಲಚ್ ಕೇಬಲ್ ಮಾತ್ರ ಬಿಡಬೇಡಿ. ಆದರೆ ಬ್ಯಾಗಲ್ಲಿ ಬೇಡ. ಹಳೇ ಕೇಬಲ್ ಪಕ್ಕದಲ್ಲೇ ಹೊಸದನ್ನು ಓಡಿಸಿ, ಜಿಪ್ ಟೈ ಹಾಕಿ, ಎರಡೂ ತುದಿಗೆ ಪ್ಲಾಸ್ಟಿಕ್ ಸುತ್ತಿ. ಹ್ಯಾಂಡಲ್ ತಿರುಗಿಸಿದಾಗ ಎಲ್ಲೂ ಬಿಗಿಯಬಾರದು. ಸಾಮಾನ್ಯವಾಗಿ ಕ್ಲಚ್ ಲಿವರ್ ಹತ್ತಿರ, ಕೇಬಲ್ ತುದಿಯ ಲೋಹದ ಗುಂಡಿನ ಬಳಿ ಎಳೆ ಒಂದೊಂದಾಗಿ ಬಿಡುತ್ತದೆ. ತುಂಡಾದರೆ ಹಳೇದರ ತುದಿ ಬಿಚ್ಚಿ ಹೊಸದರ ತುದಿ ಸಿಕ್ಕಿಸಿದರೆ ಆಯಿತು, ಟ್ಯಾಂಕ್ ಎತ್ತುವ ರಗಳೆ ಇಲ್ಲ. ಹೊಸ ಕೇಬಲ್ ತರಲು ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋಗುವಾಗ ಹಳೇ ಕೇಬಲಿನ ಫೋಟೋ ಇಟ್ಟುಕೊಳ್ಳಿ.

ಚಾಮರಾಜಪೇಟೆ ಸವಾರ:
ಟ್ಯೂಬ್ ಇದ್ದರೆ ಸಾಲದು, ಚಕ್ರ ಬಿಚ್ಚೋಕೆ ಬರಬೇಕಲ್ವಾ? ಟೈರ್ ಲಿವರ್ ಲಿಸ್ಟಲ್ಲೇ ಇಲ್ಲ!

ಹಳೇಚೈನ್:
ಬಾರದಿದ್ದರೂ ಟ್ಯೂಬ್ ಇರಲಿ. ಊರ ಅಂಗಡಿಯವನಿಗೆ ಕೈ ಇರುತ್ತದೆ, ನಿಮ್ಮ ಅಳತೆಯ ಟ್ಯೂಬ್ ಇರುವುದಿಲ್ಲ. ಕಲಿಯುವುದಾದರೆ ಒಂದು ಭಾನುವಾರ ಮನೆ ಮುಂದೆಯೇ ಹಿಂದಿನ ಚಕ್ರ ಬಿಚ್ಚಿ. ಆಕ್ಸಲ್ ನಟ್‌ಗೆ ಕೂರುವ ಸ್ಪ್ಯಾನರ್ ಇದೆಯಾ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಟ್ಯೂಬಿಗೆ ಒಂಚೂರು ಗಾಳಿ ಹಾಕಿಯೇ ಒಳಗೆ ಕೂರಿಸಿ, ಎದುರು ಬದಿಯ ಟೈರ್ ಅಂಚನ್ನು ರಿಮ್ಮಿನ ನಡುವಿನ ತಗ್ಗಿಗೆ ತುಳಿಯಿರಿ. ಇಲ್ಲದಿದ್ದರೆ ಲಿವರ್ ಹೊಸ ಟ್ಯೂಬನ್ನೇ ಕಚ್ಚುತ್ತದೆ.

ದಾರಿಯ ವಿಷಯ. 2023ರ ಆಗಸ್ಟ್‌ನಿಂದ ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡುವುದಿಲ್ಲ. ಸರ್ವಿಸ್ ರಸ್ತೆ ಅಂತ ಎಲ್ಲರೂ ಬೈಯುತ್ತಾರೆ, ಆದರೆ ಪಂಕ್ಚರ್ ಅಂಗಡಿ ಇರುವುದು ಅಲ್ಲೇ. ಗುಂಡ್ಲುಪೇಟೆ ದಾಟಿದ ಮೇಲೆ ಬಂಡೀಪುರ ಕಾಡು. ಅದಕ್ಕೆ ಮುಂಚೆ ಪೆಟ್ರೋಲ್ ಹಾಕಿಸಿ, ಟೈರ್ ಗಾಳಿ ನೋಡಿ. ಕಾಡಲ್ಲಿ ಪಂಕ್ಚರ್ ಆದರೆ ಅಲ್ಲಿ ಕೂತು ಚಕ್ರ ಬಿಚ್ಚಬೇಡಿ, ಆನೆ ಓಡಾಡುವ ಜಾಗ. ಬರುವ ಜೀಪು, ಬಸ್ಸಿಗೆ ಕೈ ಅಡ್ಡ ಹಿಡಿದು ಚೆಕ್‌ಪೋಸ್ಟಿಗೆ ತಿಳಿಸಿ. ತುರ್ತು ಸಂಖ್ಯೆ 112 ಎರಡೂ ರಾಜ್ಯದಲ್ಲಿ ಸಿಗುತ್ತದೆ, ಹೆದ್ದಾರಿ ಸಹಾಯಕ್ಕೆ 1033.

ಗೇರ್‌ಸದ್ದು:
ಜಿಪ್ ಮುಚ್ಚಿತು! ವಾಪಸ್ ಬರುವಾಗ ಸಂಜೆ 7ಕ್ಕೆ ಬತ್ತೇರಿ ಬಿಟ್ಟರೆ ಸಾಕಾ?

ಹಳೇಚೈನ್:
ಸಾಲದು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಒಂದು ಪಂಕ್ಚರಿಗೆ ಕೂತರೂ ಗೇಟಿನ ಕೇರಳದ ಕಡೆಯೇ ರಾತ್ರಿ ಕಳೆಯಬೇಕು. 4ಕ್ಕೇ ಬಿಡಿ.