ಬದಿಯಡ್ಕದ ಮನೆಯ ಈಜುಕೊಳದ ಹಸಿರು ನೀರಿನ ಬಗ್ಗೆ

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಅತ್ತಿಗೆ ನಿನ್ನೆ ರಾತ್ರಿ ನಮ್ಮ ಗುಂಪಿನಲ್ಲಿ ಹಾಕಿದ ಫೋಟೋವನ್ನೂ ಅದರ ಕೆಳಗೆ ಬಂದ ಸಲಹೆಗಳನ್ನೂ ನೋಡಿದೆ. ಹೋಂಸ್ಟೇಯ ಈಜುಕೊಳದ ನೀರು ಒಂದು ವಾರದೊಳಗೆ ಹಸಿರಾಗಿದೆ, ಕ್ಲೋರಿನ್ ಗುಳಿಗೆ ತಪ್ಪದೆ ಹಾಕುತ್ತಿದ್ದರೂ ಪಾಚಿ ಹೋಗುತ್ತಿಲ್ಲ, ರಜೆಗೆ ಮಕ್ಕಳೆಲ್ಲ ಬರುವವರಿದ್ದಾರೆ, ಏನು ಮಾಡುವುದು ಎಂಬುದು ಅವರ ಪ್ರಶ್ನೆ. ಕಾಸರಗೋಡು ಕಡೆಯ ಉಪ್ಪಳದಿಂದ ಬೇಕಲದವರೆಗೆ ಇಂತಹ ಕೊಳಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸವಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ. ದಯವಿಟ್ಟು ಕೊನೆಯವರೆಗೆ ಕೇಳಿ, ಆಮೇಲೆ ನೀರಿಗೆ ಕೈ ಹಾಕಿ.

ಎಲ್ಲಕ್ಕಿಂತ ಮೊದಲು, ಈ ನೀರಿಗೆ ಯಾರನ್ನೂ ಇಳಿಸಬೇಡಿ. ತಳ ಕಾಣದ ಕೊಳದಲ್ಲಿ ಮಗುವೊಂದು ಮುಳುಗಿದರೆ ದಡದಲ್ಲಿ ನಿಂತವರಿಗೂ ಗೊತ್ತಾಗುವುದಿಲ್ಲ. ಅದರ ಜೊತೆಗೆ, 2024 ಮತ್ತು 2025ರಲ್ಲಿ ಕೇರಳದಲ್ಲಿ ಅಮೀಬಾದಿಂದ ಬರುವ ಮೆದುಳು ಜ್ವರದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ನೆಗ್ಲೇರಿಯಾ ಎಂಬ ಆ ಅಮೀಬಾ ಬೆಚ್ಚಗಿನ, ಕ್ಲೋರಿನ್ ಇಲ್ಲದ ನೀರಿನಲ್ಲಿ ಬೆಳೆಯುತ್ತದೆ, ಮೂಗಿನ ಮೂಲಕ ಒಳಗೆ ಹೋಗುತ್ತದೆ. ಪಾಚಿ ಕಟ್ಟಿದೆ ಎಂದರೆ ನೀರಿನಲ್ಲಿ ಕೆಲಸ ಮಾಡುವ ಕ್ಲೋರಿನ್ ಇಲ್ಲವೆಂದೇ ಅರ್ಥ, ಆದ್ದರಿಂದ ಇದನ್ನು ಕೇವಲ ನೋಟದ ವಿಷಯವೆಂದು ತಿಳಿಯಬಾರದು.

ಪೆರ್ಲದ ಭಾವ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ಹಾಕಲು ಹೇಳಿದ್ದಾರೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ನಮ್ಮೆಲ್ಲರ ಮನೆಯಲ್ಲೂ ಅದು ಇರುತ್ತದೆ, ಪಾಚಿಯನ್ನು ಅದು ಕೊಲ್ಲುವುದೂ ನಿಜ. ಆದರೆ ತಾಮ್ರ ನೀರಿನಿಂದ ತಾನಾಗಿ ಹೋಗುವುದಿಲ್ಲ. ಟೈಲ್ಸ್ ಮೇಲೆ ಕಲೆಯಾಗಿ ಕೂರುತ್ತದೆ, ಈಜುವವರ ಬಿಳಿ ಕೂದಲಿಗೆ ಹಸಿರು ಬಣ್ಣ ಹಿಡಿಸುತ್ತದೆ, ಆ ನೀರು ತೋಡಿಗೆ ಸೇರಿದರೆ ಮೀನುಗಳಿಗೆ ವಿಷವಾಗುತ್ತದೆ. ಅಳತೆಯಿಲ್ಲದೆ ಅದನ್ನು ಕೊಳಕ್ಕೆ ಹಾಕಲೇಬೇಡಿ.

ಈಗ ಗುಳಿಗೆ ಹಾಕಿಯೂ ಏಕೆ ಹೀಗಾಯಿತು ಎಂಬ ಮುಖ್ಯ ವಿಷಯಕ್ಕೆ ಬರುತ್ತೇನೆ. ನೀವು ಬಳಸುವ ಡಬ್ಬಿಯ ಮೇಲೆ ಟಿಸಿಸಿಎ 90 ಎಂದು ಇದೆ, ಅಂದರೆ ಶೇಕಡಾ 90 ಕ್ಲೋರಿನ್ ಬಲದ ಟ್ರೈಕ್ಲೋರೋ ಐಸೋಸೈನೂರಿಕ್ ಆಮ್ಲ. ಆ ಗುಳಿಗೆ ಕರಗಿದಾಗ ಕ್ಲೋರಿನ್ ಜೊತೆಗೆ ಸೈನೂರಿಕ್ ಆಮ್ಲವೂ ನೀರಿಗೆ ಸೇರುತ್ತದೆ. ಇದು ಸ್ವಲ್ಪ ಇರಲೇಬೇಕು, ಏಕೆಂದರೆ ಇದಿಲ್ಲದಿದ್ದರೆ ನಡುಹಗಲಿನ ಬಿಸಿಲಿಗೆ ಕ್ಲೋರಿನ್‌ನ ಅರ್ಧ ಭಾಗ ಒಂದು ಗಂಟೆಯೊಳಗೆ ನಾಶವಾಗುತ್ತದೆ. 30ರಿಂದ 50 ಪಿಪಿಎಂ ಇದ್ದರೆ ಸಾಕು, ಅಂದರೆ ಸಾವಿರ ಲೀಟರಿಗೆ ಅಷ್ಟು ಗ್ರಾಂ. ಆದರೆ ಕ್ಲೋರಿನ್ ಖರ್ಚಾಗುತ್ತಾ ಹೋದರೂ ಸೈನೂರಿಕ್ ಖರ್ಚಾಗುವುದಿಲ್ಲ, ನೀರು ಆವಿಯಾದರೂ ಅದು ಉಳಿದೇ ಇರುತ್ತದೆ. ನಿಮ್ಮ ಕೊಳ ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳ, ಹಾಗಾಗಿ ಸುಮಾರು 45,000 ಲೀಟರ್ ಹಿಡಿಯೋಣ. 200 ಗ್ರಾಂನ ಒಂದು ಗುಳಿಗೆಯಿಂದ ಅದಕ್ಕೆ 4 ಪಿಪಿಎಂ ಕ್ಲೋರಿನ್ ಮತ್ತು ಎರಡೂವರೆಯಷ್ಟು ಸೈನೂರಿಕ್ ಸೇರುತ್ತದೆ. ಮಳೆಗಾಲದಲ್ಲಿ ಕೊಳ ತುಂಬಿ ಹೊರಗೆ ಹರಿಯುವುದರಿಂದ ಹಳೆಯದು ತೊಳೆದುಹೋಗುತ್ತದೆ. ನವರಾತ್ರಿಯ ನಂತರ ಆ ದಾರಿಯೂ ಮುಚ್ಚುತ್ತದೆ. ಅಂದಿನಿಂದ ವಾರಕ್ಕೆ ಎರಡು ಗುಳಿಗೆಯಂತೆ ಹಾಕಿದ್ದರೆ ಮೇ ತಿಂಗಳ ಹೊತ್ತಿಗೆ ಅದು 100 ದಾಟಿರುತ್ತದೆ. ಅಷ್ಟಾದ ಮೇಲೆ ಸೈನೂರಿಕ್ ಕ್ಲೋರಿನ್‌ನ ಬಹುಪಾಲನ್ನು ಕಟ್ಟಿಹಾಕುತ್ತದೆ. ಕ್ಲೋರಿನ್ ಪರೀಕ್ಷೆಯ ನೀರಿನಲ್ಲಿ ಬಣ್ಣ ಚೆನ್ನಾಗಿಯೇ ಬರುತ್ತದೆ, ಪಾಚಿ ಮಾತ್ರ ಸಾಯುವುದಿಲ್ಲ.

ಆದ್ದರಿಂದ ಈಗ ಇನ್ನಷ್ಟು ಗುಳಿಗೆ ಹಾಕುವುದು ಪರಿಹಾರವಲ್ಲ. ಸೈನೂರಿಕ್ ಅಳೆಯುವ ಕಿಟ್ ತರಿಸಿ. ಕೊಳವೆಯ ತಳದ ಕಪ್ಪು ಚುಕ್ಕೆ ಮರೆಯಾಗುವವರೆಗೆ, ಕಿಟ್‌ನ ದ್ರಾವಣ ಬೆರೆಸಿ ಮಸುಕಾದ ಕೊಳದ ನೀರನ್ನು ನಿಧಾನವಾಗಿ ಸುರಿದು, ನೀರು ನಿಂತ ಗೆರೆಯನ್ನು ಓದುವ ಸರಳ ವಿಧಾನ ಅದು. 100ಕ್ಕಿಂತ ಹೆಚ್ಚಿದ್ದರೆ ಅರ್ಧ ನೀರನ್ನು ಬದಲಿಸದೆ ಬೇರೆ ದಾರಿಯಿಲ್ಲ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನೀರಿನ ಸುರಂಗ ಬತ್ತಿ, ಬೋರ್‌ವೆಲ್ ಅರ್ಧ ಗಂಟೆಗೇ ಗಾಳಿ ಎಳೆಯುವ ಈ ದಿನಗಳಲ್ಲಿ ಇಪ್ಪತ್ತೆರಡು ಸಾವಿರ ಲೀಟರ್ ಚೆಲ್ಲಿ ಎಂದು ಹೇಳಲು ನನಗೂ ಮನಸ್ಸು ಬರುವುದಿಲ್ಲ. ಅತಿಥಿಗಳ ಬುಕಿಂಗ್ ಇಲ್ಲದಿದ್ದರೆ ಮೇ ಕೊನೆಯಲ್ಲಿ ಬರುವ ತುಳುನಾಡಿನ ಪತ್ತನಾಜೆ ಕಳೆದು ಮಳೆ ಹಿಡಿಯುವವರೆಗೆ ಕೊಳವನ್ನು ಮುಚ್ಚಿಡುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಬದಲಿಸಲೇಬೇಕೆಂದಾದರೆ ಗುಳಿಗೆ ತೆಗೆದು, ಕ್ಲೋರಿನ್ ಸೊನ್ನೆಗೆ ಇಳಿದ ಮೇಲೆ, ಬಾವಿಗೂ ತೋಡಿಗೂ ದೂರವಾದ ಗುಡ್ಡೆಯ ಕಡೆಗೆ ನೀರು ಬಿಡಿ. ಹೊಸದಾಗಿ ತುಂಬಿಸುವ ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಕ್ಲೋರಿನ್ ಬಿದ್ದೊಡನೆ ಅದು ಚಹಾದ ಬಣ್ಣಕ್ಕೆ ತಿರುಗುತ್ತದೆ. ಅದು ಪಾಚಿಯಲ್ಲ, ಫಿಲ್ಟರ್‌ನಲ್ಲಿ ಹೋಗುತ್ತದೆ.

ಆಮೇಲೆ ಪಿಎಚ್ ಅನ್ನು, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆಯನ್ನು, 7.2ಕ್ಕೆ ತನ್ನಿ. ಸೈನೂರಿಕ್ ಹಿಡಿದಿಟ್ಟುಕೊಳ್ಳದೆ ಉಳಿದ ಕ್ಲೋರಿನ್‌ನಲ್ಲಿ, ಪಿಎಚ್ 8 ಇದ್ದಾಗ ಕಾಲು ಭಾಗ ಮಾತ್ರ ಪಾಚಿಯನ್ನು ಕೊಲ್ಲುವ ಬಲವಾದ ರೂಪದಲ್ಲಿರುತ್ತದೆ. 7.2ರಲ್ಲಿ ಮೂರರಲ್ಲಿ ಎರಡು ಭಾಗ ಆ ರೂಪಕ್ಕೆ ಬರುತ್ತದೆ. ಕ್ಲೋರಿನ್ 10 ಪಿಪಿಎಂ ದಾಟಿದ ಮೇಲೆ ಪಿಎಚ್ ಪರೀಕ್ಷೆ ಸರಿಯಾಗಿ ತೋರಿಸುವುದಿಲ್ಲವಾದ್ದರಿಂದ ಈ ಕೆಲಸ ಮೊದಲೇ ಮುಗಿಯಬೇಕು.

ಇನ್ನು ಕ್ಲೋರಿನ್. ಸೈನೂರಿಕ್ ಮಟ್ಟದ ಶೇಕಡಾ 40ರಷ್ಟು ಕ್ಲೋರಿನ್ ಏರಿಸಬೇಕೆಂಬುದು ನಾನು ಅನುಸರಿಸುವ ಲೆಕ್ಕ. ಅರ್ಧ ನೀರು ಬದಲಿಸಿ ಸೈನೂರಿಕ್ 60ಕ್ಕೆ ಬಂತು ಎಂದುಕೊಂಡರೆ 24 ಪಿಪಿಎಂ ಬೇಕು, ಅಂದರೆ ಶೇಕಡಾ 10ರ ದ್ರವ ಹೈಪೋ (ಸೋಡಿಯಂ ಹೈಪೋಕ್ಲೋರೈಟ್ ಎಂಬ ದ್ರವ ಕ್ಲೋರಿನ್) ಸುಮಾರು 11 ಲೀಟರ್. ಕುಂಬಳೆಯ ಮಾವ ಹೇಳಿದ ಬ್ಲೀಚಿಂಗ್ ಪೌಡರ್ ಕೂಡ ಆಗುತ್ತದೆ. ಆದರೆ ಬಾವಿಗೆ ಹಾಕುವ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಿಂದ ಒಂದು ಪಿಪಿಎಂ ಕೂಡ ಬರುವುದಿಲ್ಲ, ಈ ಕೊಳಕ್ಕೆ ಪ್ರತಿ 10 ಪಿಪಿಎಂಗೆ ಒಂದೂವರೆ ಕಿಲೋ ಬೇಕು. ಬಕೆಟ್‌ನ ನೀರಿಗೆ ಪುಡಿಯನ್ನು ಹಾಕಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಬಸಿದು ಕೊಳಕ್ಕೆ ಸೇರಿಸಿ. ತೆರೆದಿಟ್ಟ ಹಳೆಯ ಚೀಲದ ಪುಡಿಯಲ್ಲಿ ಸತ್ವ ಉಳಿದಿರುವುದಿಲ್ಲ.

ಹಾಕುವುದು ಸೂರ್ಯ ಮುಳುಗಿದ ಮೇಲೆ. ಹಾಕುವ ಮುನ್ನ ಗೋಡೆ, ಮೆಟ್ಟಿಲು, ಏಣಿಯ ಹಿಂಬದಿ, ದೀಪದ ಸುತ್ತಲಿನ ಸಂದು ಎಲ್ಲವನ್ನೂ ಬ್ರಷ್‌ನಿಂದ ಗಟ್ಟಿಯಾಗಿ ಉಜ್ಜಿ. ಲೋಳೆಯ ಪದರ ಒಡೆಯದಿದ್ದರೆ ಒಳಗಿನ ಪಾಚಿಗೆ ಕ್ಲೋರಿನ್ ತಾಗುವುದಿಲ್ಲ. ಪಂಪ್ ಹಗಲಿರುಳು ಓಡಲಿ, ಫಿಲ್ಟರ್‌ನ ಒತ್ತಡ ಶುದ್ಧವಿದ್ದಾಗಿನದಕ್ಕಿಂತ ಮಾಪಕದಲ್ಲಿ 8ರಿಂದ 10 ಪಿಎಸ್‌ಐ ಏರಿದಾಗಲೆಲ್ಲ ಬ್ಯಾಕ್‌ವಾಶ್ ಮಾಡಿ, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆಯಿರಿ. ಕ್ಲೋರಿನ್ ಅಳೆಯುವಾಗ ಗುಲಾಬಿ ಬಣ್ಣ ಮಿಂಚಿ ಮರುಕ್ಷಣ ಮಾಯವಾದರೆ ಕ್ಲೋರಿನ್ ಇಲ್ಲವೆಂದು ತಿಳಿಯಬೇಡಿ, ವಿಪರೀತ ಇದ್ದಾಗಲೂ ಬಣ್ಣ ಹಾಗೆ ಬಿಳುಪಾಗುತ್ತದೆ. ಒಂದು ಪಾಲು ಕೊಳದ ನೀರಿಗೆ ಒಂಬತ್ತು ಪಾಲು ಕ್ಲೋರಿನ್ ಇಲ್ಲದ ಶುದ್ಧ ನೀರು ಸೇರಿಸಿ ಅಳೆದು, ಬಂದ ಸಂಖ್ಯೆಯನ್ನು ಹತ್ತರಿಂದ ಗುಣಿಸಿ.

ಒಂದು ರಾತ್ರಿಯಲ್ಲಿ ಮುಗಿಯುವ ಕೆಲಸ ಇದಲ್ಲ. ಹಸಿರು ಹೋಗಿ ನೀರು ಬೂದುಬಿಳುಪಾಗಿ ಮಬ್ಬಾಗುತ್ತದೆ, ಅದು ಸತ್ತ ಪಾಚಿ. ಅನೇಕರು ಅಲ್ಲಿಗೇ ನಿಲ್ಲಿಸುತ್ತಾರೆ, ವಾರ ಕಳೆಯುವುದರೊಳಗೆ ಮತ್ತೆ ಹಸಿರಾಗುತ್ತದೆ. ತಳದ ಟೈಲ್ಸ್ ಗೆರೆ ಸ್ಪಷ್ಟವಾಗಿ ಕಾಣುವವರೆಗೆ, ರಾತ್ರಿ ಅಳೆದ ಕ್ಲೋರಿನ್ ಬೆಳಗಿನ ಬಿಸಿಲಿಗೆ ಮುನ್ನ ಒಂದು ಪಿಪಿಎಂಗಿಂತ ಹೆಚ್ಚು ಇಳಿಯದಿರುವವರೆಗೆ, ಕಡಿಮೆಯಾದಷ್ಟನ್ನು ಪ್ರತಿ ಸಂಜೆ ತುಂಬಿಸುತ್ತಲೇ ಇರಬೇಕು. ಆಮೇಲೆ ಕ್ಲೋರಿನ್ 5 ಪಿಪಿಎಂಗಿಂತ ಕೆಳಗೆ ಬಂದು, ಪಿಎಚ್ ಮತ್ತೊಮ್ಮೆ ಸರಿಯಿದೆಯೆಂದು ನೋಡಿದ ಮೇಲೆ ಮಕ್ಕಳು ಇಳಿಯಲಿ. ಮುಂದೆ ಯಾವ ದಿನವೂ 2ಕ್ಕಿಂತ ಕೆಳಗೆ ಹೋಗಲು ಬಿಡಬೇಡಿ, ದಿನನಿತ್ಯಕ್ಕೆ ಗುಳಿಗೆಯ ಬದಲು ದ್ರವ ಹೈಪೋವನ್ನೇ ಬಳಸಿ.

ಕೊನೆಯದಾಗಿ, ಉಳಿದ ಗುಳಿಗೆಗಳನ್ನು ಬ್ಲೀಚಿಂಗ್ ಪೌಡರ್ ಇರುವ ಕೋಣೆಯಲ್ಲಿ ಇಡಬೇಡಿ, ಒಂದರ ಪಾತ್ರೆಯನ್ನು ಇನ್ನೊಂದಕ್ಕೆ ಬಳಸಬೇಡಿ. ಅವೆರಡೂ ಬೆರೆತರೆ ಬೆಂಕಿ ಹತ್ತಬಹುದು, ಸ್ಫೋಟವೂ ಆಗಬಹುದು. ಪಿಎಚ್ ಇಳಿಸುವ ಆಮ್ಲಕ್ಕೆ ಹೈಪೋ ತಾಗಿದರೆ ವಿಷಾನಿಲ ಏಳುತ್ತದೆ. ಕೆಲಸದ ಹುಡುಗನಿಗೂ ಇದನ್ನು ಬಾಯಿಬಿಟ್ಟು ಹೇಳಿ. ಇಂದು ಸಂಜೆಯೊಳಗೆ ಪಿಎಚ್ ಮತ್ತು ಸೈನೂರಿಕ್ ಅಳತೆಯನ್ನೂ ಫಿಲ್ಟರ್ ಮಾಪಕದ ಫೋಟೋವನ್ನೂ ಇಲ್ಲಿ ಹಾಕಿದರೆ, ಹೈಪೋ ಎಷ್ಟು ತರಬೇಕೆಂದು ಲೆಕ್ಕ ಹಾಕಿ ಹೇಳುತ್ತೇನೆ.