ಎನ್‌ಪಿವಿ ನಂಜಾಣು ಮತ್ತು ಶಿಲೀಂಧ್ರ: ಒಂದೇ ಪಂಪಿನಲ್ಲಿ ಬೆರೆಸಬಹುದೇ?

ಅಣ್ಣಿಗೇರಿಯ ಕಡಲೆ ಬೆಳೆಗಾರ: ಹಿಂಗಾರಿ ಕಡಲೆಯಲ್ಲಿ ಕಾಯಿಕೊರಕದ ಸಣ್ಣ ಕೀಡೆಗಳು ಕಾಣಿಸಿಕೊಂಡಿವೆ. ಕೀಡೆಗಳಿಗೆ ರೋಗ ತರುವ ಎನ್‌ಪಿವಿ (ನ್ಯೂಕ್ಲಿಯರ್ ಪಾಲಿಹೆಡ್ರೋಸಿಸ್ ವೈರಸ್) ನಂಜಾಣು ಹಾಗೂ ಕೀಡೆಗಳನ್ನು ಕೊಲ್ಲುವ ನೊಮುರಿಯಾ ಶಿಲೀಂಧ್ರದ ಪುಡಿಯನ್ನು ಬೆರೆಸಿ ಹೊಡೆದರೆ ಪರಿಣಾಮ ಇಮ್ಮಡಿಯಾಗುತ್ತದೆ ಎಂದು ಅಂಗಡಿಯವರು ಎರಡನ್ನೂ ಕೊಟ್ಟಿದ್ದಾರೆ. ಇದು ನಿಜವೇ?

ಹಾವೇರಿಯ ಕೃಷಿ ಪರಿಕರ ವ್ಯಾಪಾರಿ: ಆ ಮಾತಿನಲ್ಲಿ ತರ್ಕವಿದೆ. ನಂಜಾಣುವನ್ನು ಕೀಡೆ ಎಲೆಯೊಂದಿಗೆ ತಿನ್ನಬೇಕು. ಕರುಳಿನ ಕ್ಷಾರಗುಣಕ್ಕೆ ಪ್ರೋಟೀನ್ ಕವಚ ಕರಗಿದ ಮೇಲಷ್ಟೇ ಸೋಂಕು ಆರಂಭ. ಶಿಲೀಂಧ್ರದ ಬೀಜಾಣುವಾದರೋ ಚರ್ಮಕ್ಕೆ ಅಂಟಿ, ಮೊಳೆತು, ನೇರವಾಗಿ ಒಳಗಿಳಿಯುತ್ತದೆ. ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಿಗುತ್ತದೆ.

ಧಾರವಾಡದ ಕೀಟಶಾಸ್ತ್ರ ವಿದ್ಯಾರ್ಥಿನಿ: ಒಳಹೊಗುವ ದಾರಿ ಬೇರೆಯಾದರೂ ಎರಡೂ ಬೆಳೆಯಬೇಕಾದದ್ದು ಅದೇ ಕೀಡೆಯ ರಕ್ತ ಮತ್ತು ಕೊಬ್ಬಿನ ಅಂಗಾಂಶದಲ್ಲಿ. ಆದ್ದರಿಂದ ಯಾವುದು ಮೊದಲು ನೆಲೆಯೂರುತ್ತದೆ ಎಂಬುದು ಬಹುಮಟ್ಟಿಗೆ ಫಲವನ್ನು ನಿರ್ಧರಿಸುತ್ತದೆ. ಶಿಲೀಂಧ್ರ ಮುಂದಾದರೆ ಕೀಡೆ ಸೆಟೆದು ಗಡುಸಾಗಿ, ಮೇಲೆ ಬಿಳಿ, ಅನಂತರ ಮಸುಕು ಹಸಿರು ಬೂಸ್ಟು ಬರುತ್ತದೆ. ಒಳಗಿನ ನಂಜಾಣು ಸಾಕಷ್ಟು ವೃದ್ಧಿಯಾಗುವ ಮೊದಲೇ ಕೀಡೆ ಸತ್ತಿರುತ್ತದೆ. ನಂಜಾಣು ಮುಂದಾದರೆ ಕೀಡೆ ಗಿಡದ ತುದಿಗೇರಿ, ತಲೆಕೆಳಗಾಗಿ ಜೋತುಬಿದ್ದು, ಮೈಯೆಲ್ಲ ದ್ರವವಾಗಿ ಸೋರುತ್ತದೆ. ಬೂಸ್ಟು ಬೆಳೆಯಲು ಗಟ್ಟಿ ದೇಹವೇ ಉಳಿಯುವುದಿಲ್ಲ. ಇದಲ್ಲದೆ ಶಿಲೀಂಧ್ರ ತಗುಲಿದ ಕೀಡೆ ಮೇಯುವುದನ್ನು ಕಡಿಮೆ ಮಾಡುವುದರಿಂದ ನಂಜಾಣುವನ್ನೂ ಕಡಿಮೆ ತಿನ್ನುತ್ತದೆ. ಸಾಯುವ ಕೀಡೆಗಳ ಸಂಖ್ಯೆ ಕೆಲವೊಮ್ಮೆ ಹೆಚ್ಚಬಹುದು, ಆದರೆ ಇಮ್ಮಡಿ ಎನ್ನುವುದು ವ್ಯಾಪಾರದ ಲೆಕ್ಕ.

ಹಾವೇರಿಯ ಕೃಷಿ ಪರಿಕರ ವ್ಯಾಪಾರಿ: ರೈತರಿಗೆ ಸದ್ಯದ ಕಾಯಿ ಉಳಿದರೆ ಸಾಕಲ್ಲವೇ, ಮೇಡಂ? ಸತ್ತ ಕೀಡೆಯೊಳಗೆ ಯಾವುದು ಎಷ್ಟು ಬೆಳೆಯಿತೆಂಬುದು ಸಂಶೋಧಕರ ವಿಷಯ.

ಧಾರವಾಡದ ಕೀಟಶಾಸ್ತ್ರ ವಿದ್ಯಾರ್ಥಿನಿ: ಪತಂಗಗಳು ಒಂದೇ ದಿನ ಮೊಟ್ಟೆಯಿಟ್ಟು ಹೋಗುವುದಿಲ್ಲ, ಸರ್. ಮುಂದೆ ಹುಟ್ಟುವ ಮರಿಗಳಿಗೆ ಸೋಂಕು ಹರಡುವುದು ಸತ್ತ ಕೀಡೆಗಳಿಂದಲೇ.

ಗದಗ ಸೀಮೆಯ ರೈತ: ಹವಾಮಾನವನ್ನು ಯಾರೂ ಪ್ರಸ್ತಾಪಿಸಲಿಲ್ಲ. ಆಗಸ್ಟ್-ಸೆಪ್ಟೆಂಬರ್‌ನ ಜಿಟಿಜಿಟಿ ಮಳೆಯಲ್ಲಿ ಸೋಯಾಬೀನ್ ಎಲೆಗಳ ಮೇಲೆ, ಯಾರೂ ಸಿಂಪಡಿಸದಿದ್ದರೂ, ಈ ಬೂಸ್ಟಿಗೆ ಸತ್ತ ಕೀಡೆಗಳು ಕಾಣಸಿಗುತ್ತವೆ. ಹಿಂಗಾರಿನ ಒಣಗಾಳಿಯಲ್ಲಿ, ಎರೆ ಹೊಲದ ಕಡಲೆಗೆ, ಆ ತೇವ ಎಲ್ಲಿಂದ ಬರಬೇಕು? ಇಬ್ಬನಿಯೊಂದನ್ನೇ ನಂಬಿ ಪುಡಿಗೆ ಹಣ ಹಾಕಲಾರೆ. ಇನ್ನೊಂದು ಮಾತು: ತುಕ್ಕುರೋಗಕ್ಕೆ ಶಿಲೀಂಧ್ರನಾಶಕ ಹೊಡೆದ ಸೋಯಾಬೀನ್‌ನಲ್ಲಿ ಉಪಕಾರಿ ಬೂಸ್ಟೂ ಸಾಯಬಹುದು, ನಂಜಾಣುವಿಗೆ ಆ ಭಯವಿಲ್ಲ.

ಧಾರವಾಡದ ಕೀಟಶಾಸ್ತ್ರ ವಿದ್ಯಾರ್ಥಿನಿ: ಒಪ್ಪಿದೆ. ಕಡಲೆಗೆ ಎಕರೆಗೆ 100 ಎಲ್‌ಇ (ಸೋಂಕಿತ ಕೀಡೆಯೊಂದರಿಂದ ಸಿಗುವಷ್ಟು ನಂಜಾಣು ಒಂದು ಎಲ್‌ಇ) ನಂಜಾಣುವನ್ನು, ಕೀಡೆಗಳು ಚಿಕ್ಕವಿರುವಾಗಲೇ, ಬೆಲ್ಲ ಮತ್ತು ಬಟ್ಟೆಗೆ ಹಾಕುವ ನೀಲಿ ಬೆರೆಸಿ ಸಂಜೆ ಸಿಂಪಡಿಸಿ. ಬಿಸಿಲಿನ ಅತಿನೇರಳೆ ಕಿರಣಕ್ಕೆ ನಂಜಾಣು ಬೇಗ ನಿಷ್ಕ್ರಿಯವಾಗುತ್ತದೆ.

ಅಣ್ಣಿಗೇರಿಯ ಕಡಲೆ ಬೆಳೆಗಾರ: ಹಾಗಾದರೆ ಇಂದು ಸಂಜೆ ನಂಜಾಣು ಮಾತ್ರ. ಪುಡಿಯ ಅವಧಿ ಮುಂಗಾರಿನವರೆಗೆ ಇಲ್ಲ; ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳುವರೇ ಕೇಳುತ್ತೇನೆ.